ಹಳೇ ಆಟೊಮ್ಯಾಟಿಕ್ ಕಾರಿನ ಗೇರ್ ಆಯಿಲ್ ಅರ್ಧಂಬರ್ಧ ಬದಲಿಸಬೇಡಿ

ಸಂಪಾದಕರೇ, ನಮಸ್ಕಾರ.

ಹಳೇ ಕಾರುಗಳ ರ‍್ಯಾಲಿಯ ಫೋಟೊಗಳನ್ನು ನಿಮ್ಮ ಪತ್ರಿಕೆಯಲ್ಲಿ ನೋಡಿ ಖುಷಿಯಾಯಿತು. ಆದರೆ ಆ ಕಾರುಗಳನ್ನು ಓಡುವ ಹಾಗೆ ಇಟ್ಟುಕೊಳ್ಳುವುದು ಹೇಗೆ ಅಂತಲೂ ಸ್ವಲ್ಪ ಬರೆಯಬೇಕು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಗ್ಗೆ ಒಂದು ಮಾತು ಎಲ್ಲಾ ಕಡೆ ಹಬ್ಬಿದೆ: 'ಹಳೇ ಬಾಕ್ಸಿನ ಆಯಿಲ್ ಮುಟ್ಟಬೇಡಿ, ಹೊಸದು ಹಾಕಿದರೆ ಗೇರ್ ಜಾರುತ್ತೆ.' ಇದನ್ನು ನಂಬಿ ನಾನೂ ಹದಿನೈದು ವರ್ಷ ಮುಟ್ಟಲಿಲ್ಲ.

ನಮ್ಮದು 1983ರ ಮರ್ಸಿಡಿಸ್ 230ಇ. ಅಪ್ಪ ಕುವೈತಿನಲ್ಲಿದ್ದಾಗ ಕೊಂಡು ಊರಿಗೆ ತಂದದ್ದು. ಕಳೆದ ಮಳೆಗಾಲದಲ್ಲಿ ಆಯಿಲ್ ಕಂದು ಬಣ್ಣಕ್ಕೆ ತಿರುಗಿದ್ದು ಕಂಡು ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಚೇಂಬರಿನಿಂದ (ಬಾಕ್ಸಿನ ತಳದ ಆಯಿಲ್ ತಟ್ಟೆ) ಬಂದಷ್ಟು ಆಯಿಲ್ ಇಳಿಸಿ, ಬಾಕ್ಸ್ ಬಿಸಿಯಾಗುವ ಮೊದಲೇ ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆವರೆಗೆ ಹೊಸದು ತುಂಬಿ ಕಳಿಸಿದರು. ಎರಡನೇ ದಿನ ಶಿರಾಡಿ ಘಾಟಿ ಹತ್ತುವಾಗ ಇಂಜಿನ್ ಕಿರುಚುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಕೆಳಗೆ ಬಗ್ಗಿ ನೋಡಿದರೆ ಕೆಂಪು ನೊರೆ ಸುರಿಯುತ್ತಿದೆ. 'ಬಾಕ್ಸ್ ಹೋಯ್ತು ಸಾರ್, ಗುಜರಿಗೆ ಕೊಟ್ಟುಬಿಡಿ' ಅಂದರು ಗ್ಯಾರೇಜಿನವರು.

ಬಾಕ್ಸ್ ಹೋಗಿರಲಿಲ್ಲ, ಆಯಿಲ್ ಜಾಸ್ತಿಯಾಗಿತ್ತು. ಬಿಸಿಯಾದರೆ ಈ ಆಯಿಲ್ ಹಿಗ್ಗುತ್ತದೆ. ಡಿಪ್‌ಸ್ಟಿಕ್ಕಿನ ಎರಡು ಗೆರೆಗಳು ಸುಮಾರು 80 ಡಿಗ್ರಿ ಬಿಸಿಗೆ ಹಾಕಿದ ಗುರುತು. ತಣ್ಣಗಿದ್ದಾಗ ಕೆಳಗಿನ ಗೆರೆಗಿಂತಲೂ ಸುಮಾರು 30 ಮಿಲಿಮೀಟರ್ ಕೆಳಗೇ ಇರಬೇಕು! ಜಾಸ್ತಿ ತುಂಬಿದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ. ನೊರೆಯಲ್ಲಿ ಗಾಳಿ ಇರುವುದರಿಂದ ಒತ್ತಡ ನಿಲ್ಲುವುದಿಲ್ಲ, ಕ್ಲಚ್ ಪ್ಲೇಟು ಹಿಡಿಯುವುದಿಲ್ಲ. ಗೇರ್ ಜಾರುವುದು ಹೀಗೆ.

ಆಮೇಲೆ ಒಬ್ಬ ಹಿರಿಯ ಮೆಕ್ಯಾನಿಕ್ ಜೊತೆ ಕೂತು ಪೂರ್ತಿ ಬದಲಿಸಿದೆವು. ಚೇಂಬರ್ ಒಂದನ್ನೇ ಖಾಲಿ ಮಾಡಿದರೆ ಟಾರ್ಕ್ ಕನ್ವರ್ಟರಿನಲ್ಲಿ (ಇಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸಿಗೆ ದಾಟಿಸುವ ಭಾಗ) ಹಳೇದು ಹಾಗೇ ಉಳಿಯುತ್ತದೆ. ಈ ಕಾರಿನ ಕನ್ವರ್ಟರಿಗೆ ಬೇರೆಯೇ ಡ್ರೈನ್ ಬೋಲ್ಟ್ ಇದೆ. ಇಂಜಿನನ್ನು ಕೈಯಲ್ಲಿ ತಿರುಗಿಸಿ ಅದನ್ನು ಕೆಳಗಿನ ಕಿಂಡಿಗೆ ತಂದರೆ 5 ಎಂಎಂ ಅಲೆನ್ ಕೀಯಲ್ಲಿ ಬಿಚ್ಚಬಹುದು. ಆ ಬೋಲ್ಟ್ ಇಲ್ಲದ ಕಾರುಗಳಲ್ಲಿ ನಡುವೆ ಸ್ವಲ್ಪ ಓಡಿಸಿ ಚೇಂಬರ್ ಆಯಿಲನ್ನೇ ಎರಡು ಮೂರು ಸಲ ಬದಲಿಸಬೇಕು. ಫಿಲ್ಟರ್, ಗ್ಯಾಸ್ಕೆಟ್ ಹೊಸದು ಹಾಕಿದೆವು. ಡಿಪ್‌ಸ್ಟಿಕ್ ಒರೆಸಲು ಕಾಟನ್ ವೇಸ್ಟ್ ಮಾತ್ರ ಬೇಡ, ಅದರ ಒಂದು ನೂಲು ಒಳಗೆ ಹೋದರೂ ವಾಲ್ವ್ ಸಿಕ್ಕಿಕೊಳ್ಳುತ್ತದೆ. ಮೊದಲು ನಾಲ್ಕು ಲೀಟರ್ ಹಾಕಿ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಎಲ್ಲಾ ಗೇರ್ ಒಮ್ಮೆ ಹಾಕಿ ತೆಗೆದು, ಒಂದು ಸುತ್ತು ಓಡಿಸಿ ಬಿಸಿಯಾದ ಮೇಲೆ, ಸಮತಟ್ಟು ಜಾಗದಲ್ಲಿ 'ಪಿ'ಯಲ್ಲಿಟ್ಟು (ಪಾರ್ಕ್), ಇಂಜಿನ್ ಆನ್ ಇರುವಾಗಲೇ ನೋಡುತ್ತಾ ಉಳಿದದ್ದು ಹಾಕಿದೆವು. ಎಲ್ಲಾ ಕಾರಿಗೂ 'ಪಿ' ಅಲ್ಲ, ಕ್ರೈಸ್ಲರಿನ ಹಳೇ ಟಾರ್ಕ್‌ಫ್ಲೈಟ್ ಬಾಕ್ಸನ್ನು 'ಎನ್'ನಲ್ಲಿ (ನ್ಯೂಟ್ರಲ್) ನೋಡಬೇಕು.

ಯಾವ ಆಯಿಲ್ ಅನ್ನುವುದೂ ಮುಖ್ಯ. ಕೆಂಪಗಿರುವುದೆಲ್ಲಾ ಒಂದೇ ಅಲ್ಲ. ನಮ್ಮ ಕಾರಿಗೆ ಡೆಕ್ಸ್‌ರಾನ್ ಬೇಕು, ಇದು ಜನರಲ್ ಮೋಟಾರ್ಸಿನ ಆಯಿಲ್ ದರ್ಜೆ. ಫೋರ್ಡಿನ ಹಳೇ ಬಾಕ್ಸುಗಳಿಗೆ ಬೇಕಾದ ಟೈಪ್ ಎಫ್ ಬೇರೆ, ಅದು ಪ್ಲೇಟನ್ನು ಬಿಗಿಯಾಗಿ ಹಿಡಿಸುತ್ತದೆ. ಗೇರ್ ನಯವಾಗಿ ಬೀಳಲಿ ಅಂತ 1970ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ಡೆಕ್ಸ್‌ರಾನ್‌ನಂಥ ಆಯಿಲಿಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು, ಅದು ನಿಷೇಧವಾದ ಮೇಲೆ ಬೇರೆ ರಾಸಾಯನಿಕ ಹುಡುಕಿದರು. ಇವತ್ತು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಿವಿಟಿ (ಬೆಲ್ಟಿನಲ್ಲಿ ನಡೆಯುವ ಬೇರೆ ಬಗೆಯ ಆಟೊಮ್ಯಾಟಿಕ್) ಆಯಿಲ್ ನಮ್ಮ ಹಳೇ ಬಾಕ್ಸಿಗೆ ಆಗುವುದಿಲ್ಲ.

ಹೊಸ ಆಯಿಲಿನಿಂದ ಬಾಕ್ಸ್ ಹಾಳಾಯಿತು ಅನ್ನುವವರಲ್ಲಿ ಹೆಚ್ಚಿನವರು ಗೇರ್ ಜಾರಲು ಶುರುವಾದ ಮೇಲೆ ಬದಲಿಸಿದವರೇ ಅಲ್ವಾ? ಸವೆದ ಪ್ಲೇಟನ್ನು ಯಾವ ಆಯಿಲೂ ಹೊಸದು ಮಾಡುವುದಿಲ್ಲ. ಸುಟ್ಟ ವಾಸನೆ ಬರುವ ಮೊದಲೇ ಬದಲಿಸಬೇಕು.

ಗ್ಯಾರೇಜಿನ ಹುಡುಗರಿಗೆ ಇದನ್ನು ಹೇಳಿಕೊಡುವವರು ಕಡಿಮೆ, ಅವರನ್ನು ನಾನು ಬೈಯುವುದಿಲ್ಲ. ವಾರಕ್ಕೊಂದು ಅಂಕಣದಲ್ಲಿ ಅನುಭವಿ ಮೆಕ್ಯಾನಿಕ್‌ಗಳಿಂದ ಇಂಥ ವಿಷಯ ಬರೆಸಿ ಅಂತ ಕೇಳಿಕೊಳ್ಳುತ್ತೇನೆ. ಇಳಿಸಿದ ಆಯಿಲನ್ನು ಏನು ಮಾಡಬೇಕು ಅನ್ನುವುದನ್ನೂ ಬರೆಸಿ. ನಮ್ಮ ಐದಾರು ಲೀಟರ್ ಹಳೇ ಆಯಿಲ್ ಇನ್ನೂ ಕ್ಯಾನಿನಲ್ಲೇ ಇದೆ. ಚರಂಡಿಗೆ ಸುರಿದರೆ ಅದು ಕೊನೆಗೆ ನೇತ್ರಾವತಿಗೇ ಹೋಗುತ್ತದೆ.

– ಒಬ್ಬ ಓದುಗ, ಮಂಗಳೂರು