ನಾಗಮಂಡಲದಲ್ಲಿ ಮಾತನಾಡುವವರು ಯಾರು?

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದ ಬಗ್ಗೆ ನೀನು ಬರೆದ ಲೇಖನವನ್ನು ಎರಡು ಸಲ ಓದಿದೆ. ಶ್ರಮಪಟ್ಟು ಬರೆದಿದ್ದೀಯ, ಭಾಷೆಯೂ ಹದವಾಗಿದೆ. ಆದರೆ ಪುಟಪುಟಕ್ಕೂ ‘ಕಾರ್ನಾಡರು ಹೇಳುತ್ತಾರೆ’ ಎಂದಿರುವುದನ್ನು ನಾನು ಒಪ್ಪುವುದಿಲ್ಲ.

ಮೊದಲ ದೃಶ್ಯವನ್ನು ನಿಧಾನವಾಗಿ ಇನ್ನೊಮ್ಮೆ ಓದು. ಪಾಳುಗುಡಿಯಲ್ಲಿ ಒಬ್ಬ ನಾಟಕಕಾರ ಕುಳಿತಿದ್ದಾನೆ. ತನ್ನ ನಾಟಕಗಳಿಂದ ಜನರಿಗೆ ನಿದ್ದೆ ಬರಿಸಿದ ಪಾಪಕ್ಕೆ ಅವನು ಒಂದಿಡೀ ರಾತ್ರಿ ಎಚ್ಚರವಾಗಿರಬೇಕು, ಇಲ್ಲವಾದರೆ ಸಾವು. ಮನೆಮನೆಯ ದೀಪದ ಜ್ವಾಲೆಗಳು ಅಲ್ಲಿಗೆ ಹರಟೆಗೆ ಬರುತ್ತವೆ. ಮುದುಕಿಯೊಬ್ಬಳು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ ಕಥೆ ಅವಳ ಬಾಯಿಂದ ತಪ್ಪಿಸಿಕೊಂಡು ಹೆಣ್ಣಾಗಿ ಬರುತ್ತದೆ. ಮುದುಕಿ ಬಚ್ಚಿಟ್ಟಿದ್ದ ಹಾಡೂ ಸೀರೆಯಾಗಿ ಆ ಹೆಣ್ಣಿನ ಮೈಮೇಲಿರುತ್ತದೆ. ರಾಣಿ, ಅವಳ ಗಂಡ ಅಪ್ಪಣ್ಣ, ಗಂಡನ ರೂಪದಲ್ಲಿ ಅವಳ ಬಳಿಗೆ ಬರುವ ನಾಗ, ಇವರ ವೃತ್ತಾಂತವನ್ನು ಹೇಳುವವಳು ಈ ಕಥೆಯೆಂಬ ಹೆಣ್ಣು. ನಾಟಕಕಾರ ಬರೀ ಕೇಳುಗ, ಅದೂ ಕೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸಬೇಕೆಂಬ ಷರತ್ತಿಗೆ ಕಟ್ಟುಬಿದ್ದ ಕೇಳುಗ!

ಕೊನೆಯೂ ಒಂದೇ ಅಲ್ಲ. ರಾಣಿ ಊರಿಗೆ ದೇವಿಯಾಗಿ ಸುಖವಾಗಿದ್ದಳು ಎಂದರೆ ಗುಡಿಯಲ್ಲಿದ್ದವರಿಗೆ ಸಮಾಧಾನವಿಲ್ಲ. ನಾಗ ಅವಳ ಕೂದಲಲ್ಲಿ ಸಾಯುತ್ತಾನೆ ಎಂದರೂ ತಕರಾರು. ಆಗ ನಾಗ ಅದೇ ಕೂದಲಲ್ಲಿ ಬದುಕಿ ಉಳಿಯುವ ಕೊನೆ ಬರುತ್ತದೆ. ನೀನು ನಾಗ ಸಾಯುವುದನ್ನಷ್ಟೇ ಹಿಡಿದುಕೊಂಡು ಅದೇ ಲೇಖಕರ ನಿಲುವು ಎಂದು ತೀರ್ಪು ಕೊಟ್ಟಿದ್ದೀಯ. ಹಟ ಹಿಡಿದು ಕಥೆಯನ್ನೇ ಬದಲಿಸಿದ ಕೇಳುಗರ ದನಿ ನಿನ್ನ ಲೇಖನದಲ್ಲಿ ಎಲ್ಲಿ ಹೋಯಿತು?

ಇನ್ನೊಂದು ಮಾತು. ಈ ನಾಟಕದ ಎರಡು ಜನಪದ ಕಥೆಗಳನ್ನು ತಾವು ಕೇಳಿದ್ದು ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಅವರಿಂದ ಎಂದು ಕಾರ್ನಾಡರೇ ಬರೆದಿದ್ದಾರೆ. ಅಡುಗೆಮನೆಯಲ್ಲಿ ಮಕ್ಕಳಿಗೆ ಉಣಿಸುತ್ತಾ ಹಿರಿಯ ಹೆಂಗಸರು ಹೇಳುವ ಕಥೆಗಳಿವು ಎಂದೂ ನೆನಪಿಸಿದ್ದಾರೆ. ನಿನ್ನ ಲೇಖನದಲ್ಲಿ ರಾಮಾನುಜನ್ ಒಂದು ಅಡಿಟಿಪ್ಪಣಿ. ಆ ಹೆಂಗಸರಂತೂ ಇಲ್ಲವೇ ಇಲ್ಲ. ನಾಟಕದ ಅರ್ಧ ಜೀವ ಅವರದು, ಅವರನ್ನು ಮೇಲಕ್ಕೆ ತಾ. ಹಾಗೆಯೇ 1997ರ ನಾಗಾಭರಣರ ಚಲನಚಿತ್ರದ ಹಾಡನ್ನು ಕಾರ್ನಾಡರ ಸಾಲೆಂದು ಉದ್ಧರಿಸಿದ್ದೀಯ. ಅದನ್ನು ಬರೆದವರು ಗೋಪಾಲ ವಾಜಪೇಯಿ, ಸಂಗೀತ ಸಿ. ಅಶ್ವಥ್ ಅವರದು. ಇದನ್ನು ಕೂಡಲೇ ತಿದ್ದು.

ಹಾಗೆಂದು ಲೇಖಕನೇ ಇಲ್ಲ ಎಂಬ ಘೋಷಣೆಯ ಬೆನ್ನು ಹತ್ತಬೇಡ. ಬೇರೆಬೇರೆಯಾಗಿದ್ದ ಎರಡು ಕಥೆಗಳಲ್ಲಿ ಒಂದರೊಳಗೆ ಇನ್ನೊಂದನ್ನು ಕೂರಿಸಿ, ನಾಟಕಕಾರನನ್ನೇ ಕೇಳುಗನ ಜಾಗಕ್ಕೆ ಇಳಿಸಿದವರು ಕಾರ್ನಾಡರು. ಅವರ ಕೈಚಳಕವಿರುವುದು ಅಲ್ಲಿ. ನಿನ್ನ ವಿಮರ್ಶೆ ಅದರ ಬಗ್ಗೆ ಎರಡು ಪುಟ ಹೆಚ್ಚು ಬರೆಯಲಿ.

ರಾಣಿಗೆ ಬೇರು ಕೊಡುವ ಕುರುಡಿ ಮುದುಕಿ ಕುರುಡವ್ವನ ಬಗ್ಗೆ ಬರೆದ ಭಾಗ ಬಹಳ ಚೆನ್ನಾಗಿದೆ, ಅದನ್ನು ಮುಟ್ಟಬೇಡ. ಉಳಿದದ್ದನ್ನು ತಿದ್ದಿ ಮತ್ತೆ ಕಳಿಸು.

ಇಂತಿ,
ನಿನ್ನ ದೊಡ್ಡಮ್ಮ