ಆರಾಧನೆಯ ಆಲ್ಬಮ್ ಕೇಳುವ ಬಗೆ: ದೊಡ್ಡಪ್ಪನ ಪತ್ರ

ಪ್ರೀತಿಯ ಮಗಳಿಗೆ,

ಧಾರವಾಡದಿಂದ ನಿನ್ನ ದೊಡ್ಡಪ್ಪ ಕರ್ತನ ನಾಮದಲ್ಲಿ ಮಾಡುವ ಆಶೀರ್ವಾದಗಳು. ನೀನು ಕಳಿಸಿದ, ಅಮೆರಿಕದ ಗಾಯಕಿ ಸೀಸೀ ವೈನನ್ಸ್ ಅವರ ‘ಮೋರ್ ದ್ಯಾನ್ ದಿಸ್’ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಅದರ ಹಾಡುಗಳನ್ನು ಯುವಜನರ ಆರಾಧನೆಯಲ್ಲಿ ಹಾಡಿಸುವ ಆಸೆಯಿದೆಯೆಂದು ಬರೆದು ನನ್ನ ಅಭಿಪ್ರಾಯ ಕೇಳಿದ್ದೀಯೆ. ಆಲ್ಬಮ್ ನನಗೂ ಹಿಡಿಸಿತು. ಆದರೆ ನೀನು ಮೆಚ್ಚಿ ಬರೆದದ್ದು ಆಕೆಯ ಕಂಠ ಏರಬಲ್ಲ ಎತ್ತರವನ್ನು. ನನಗೆ ಹೆಚ್ಚು ಮೆಚ್ಚಿಕೆಯಾದದ್ದು ಅಷ್ಟು ಎತ್ತರಕ್ಕೆ ಏರಬಲ್ಲವರು ಬಹಳ ಹೊತ್ತು ಏರದೆ ಉಳಿಯುವುದು.

ಆಕೆ 1964ರಲ್ಲಿ ಡೆಟ್ರಾಯಿಟ್‌ನಲ್ಲಿ, ಹತ್ತು ಮಕ್ಕಳ ಮನೆಯಲ್ಲಿ, ಏಳು ಮಂದಿ ಅಣ್ಣಂದಿರ ಬೆನ್ನಿಗೆ ಹುಟ್ಟಿದ ಮೊದಲ ಹೆಣ್ಣುಮಗಳು. ಅಣ್ಣ ಬೀಬೀ ಜೊತೆಗೆ ಹಾಡಿ ಹೆಸರಾದವರು, 1995ರಲ್ಲಿ ಒಂಟಿಯಾಗಿ ಹೊರತಂದ ಮೊದಲ ಆಲ್ಬಮ್ಮಿನಲ್ಲಿ ಹಳೆಯ ಕೀರ್ತನೆಗಳನ್ನೂ ಹಾಡಿದರು. ಅದನ್ನು ನೀನು ತಪ್ಪದೆ ಕೇಳಬೇಕು. ಒಂದೇ ಅಕ್ಷರವನ್ನು ಹತ್ತು ತಿರುವುಗಳಲ್ಲಿ ಎಳೆದು ಹಾಡುವುದು ಗಾಸ್ಪೆಲ್ ಎಂಬ, ಅಮೆರಿಕದ ಕಪ್ಪು ಜನರ ಸಭೆಗಳ ಭಕ್ತಿಸಂಗೀತದ ಪರಂಪರೆಯಲ್ಲಿ ಬೆಳೆದ ಇಂಥ ಗಾಯಕಿಗೆ ಕಷ್ಟದ ಕೆಲಸವೇನಲ್ಲ. ಹಾಗಿದ್ದರೂ ಆಕೆ ಮೊದಲು ರಾಗವನ್ನು ನೆಟ್ಟಗೆ, ಯಾರು ಬೇಕಾದರೂ ಹಿಡಿದುಕೊಳ್ಳುವಂತೆ ಹಾಡಿ, ಹಿಂದೆ ನಿಂತ ಕ್ವಾಯರ್, ಅಂದರೆ ಗಾಯಕವೃಂದ, ಅದನ್ನು ಗಟ್ಟಿಯಾಗಿ ಹಿಡಿದ ಮೇಲಷ್ಟೇ ತಮ್ಮ ಅಲಂಕಾರಗಳನ್ನು ಅದರ ಮೇಲೆ ತೇಲಿಬಿಡುತ್ತಾರೆ. ನಮ್ಮ ಯುವಕರು ವಿಡಿಯೋ ನೋಡಿ ಕಲಿಯುವುದು ಈ ಅಲಂಕಾರಗಳನ್ನೇ. ಹೀಗಾಗಿ ವೇದಿಕೆಯ ಮೇಲಿನ ನಾಲ್ವರು ಹಾಡುತ್ತಾರೆ, ಉಳಿದ ಸಭೆ ಸುಮ್ಮನೆ ನಿಂತು ನೋಡುತ್ತದೆ. ಆಲ್ಬಮ್ಮಿಗೂ ಅದರ ಒಂದು ಹಾಡಿಗೂ 2025ರಲ್ಲಿ ಗ್ರ್ಯಾಮಿ ಬಂದದ್ದು ಸಂತೋಷದ ಸಂಗತಿಯೇ. ಆದರೆ ಭಾನುವಾರ ಬೆಳಿಗ್ಗೆ ಮೂರನೆಯ ಸಾಲಿನ ಬೆಂಚಿನಲ್ಲಿ ಕೂತ ನಿನ್ನ ಅಜ್ಜಿಗೆ ಪ್ರಶಸ್ತಿಯಿಂದ ಸ್ವರ ಹತ್ತುವುದಿಲ್ಲ.

ಇದೇ ಆಲ್ಬಮ್ಮಿನ ‘ಹೋಲಿ ಫಾರೆವರ್’ ಹಾಡನ್ನೇ ತೆಗೆದುಕೋ. ಅದು ಸೀಸೀ ಅವರ ರಚನೆಯಲ್ಲ. ಕ್ರಿಸ್ ಟಾಮ್ಲಿನ್, ಫಿಲ್ ವಿಕ್ಹ್ಯಾಮ್, ಜೇಸನ್ ಇಂಗ್ರಾಮ್ ಮತ್ತು ಬ್ರಯಾನ್, ಜೆನ್ ಜಾನ್ಸನ್ ದಂಪತಿ ಕೂಡಿ ಬರೆದದ್ದು, 2022ರಲ್ಲಿಯೇ ಬೇರೆಯವರ ಕಂಠದಲ್ಲಿ ಬಂದದ್ದು. ಹೀಗೆ ಒಂದು ಸಭೆಯ ಹಾಡು ಇನ್ನೊಂದು ಸಭೆಗೆ ದಾಟುವುದು ಆರಾಧನಾ ಸಂಗೀತದ ನಿತ್ಯದ ವ್ಯವಹಾರ. ನಮ್ಮ ಬಾಸೆಲ್ ಮಿಷನ್ನಿನ ಹಿರಿಯರೂ ಜರ್ಮನ್ ರಾಗಗಳನ್ನು ಹೀಗೆಯೇ ತಂದರು, ಅದೇ ಮಿಷನ್ನಿನ, ಕನ್ನಡ ನಿಘಂಟಿನ ಕಿಟೆಲ್ಲರಂತೂ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿಗೇ ಇಳಿಸಿದರು. ಈ ‘ಹೋಲಿ ಫಾರೆವರ್’ ಹಾಡಿನ ತಿರುಳು ಬೈಬಲ್ಲಿನ ಯೆಶಾಯನ ಆರನೆಯ ಅಧ್ಯಾಯದಲ್ಲಿಯೂ ಪ್ರಕಟನೆಯ ನಾಲ್ಕನೆಯ ಅಧ್ಯಾಯದಲ್ಲಿಯೂ ಇದೆ. ಅವೆರಡನ್ನೂ ಓದಿ, ಆಮೇಲೆ ಹಾಡನ್ನು ಇನ್ನೊಮ್ಮೆ ಕೇಳು.

ಹೊಸ ಹಾಡುಗಳು ಹೇಳಿದ್ದನ್ನೇ ಹೇಳುತ್ತವೆಂದು ನಮ್ಮ ಸಭೆಯ ಹಿರಿಯರು ಗೊಣಗುವುದನ್ನು ನೀನೂ ಕೇಳಿದ್ದೀಯೆ. ಆ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಬೈಬಲ್ಲಿನ ನೂರ ಮೂವತ್ತಾರನೆಯ ಕೀರ್ತನೆಯಲ್ಲಿ ಇಪ್ಪತ್ತಾರು ವಚನಗಳಿಗೂ ಒಂದೇ ಪಲ್ಲವಿ. ಆದರೆ ಅಲ್ಲಿ ಪ್ರತಿ ಪಲ್ಲವಿಯ ಮುಂದೆ ಹೊಸದೊಂದು ಸಂಗತಿ ಬರುತ್ತದೆ: ಆಕಾಶದ ಸೃಷ್ಟಿ, ಸೂರ್ಯ, ಚಂದ್ರ, ಕೆಂಪು ಸಮುದ್ರ. ಆಯ್ದ ಹಾಡನ್ನು ಈ ಅಳತೆಗೆ ಹಿಡಿದು ನೋಡು. ಎಷ್ಟು ಸಲ ಎಂಬುದಕ್ಕಿಂತ, ಮರಳಿ ಬರುವ ಸಾಲಿಗೆ ನಡುವಿನ ಸಾಲುಗಳು ಏನು ಒದಗಿಸುತ್ತವೆಂಬುದು ಮುಖ್ಯ. ‘ದ್ಯಾಟ್ಸ್ ಮೈ ಕಿಂಗ್’ ಹಾಡಿನ ಪಲ್ಲವಿ ಬೇಗ ನಾಲಿಗೆಗೆ ಹತ್ತುತ್ತದೆ, ನಿಜ. ಡ್ರಮ್ಮಿನ ಅಬ್ಬರವಿಲ್ಲದೆ ಬರಿಯ ಗಿಟಾರಿನಲ್ಲಿಯೂ ಅದು ನಿಲ್ಲುತ್ತದೆಯೇ ಎಂದು ನಿಮ್ಮ ಹುಡುಗರೊಡನೆ ಒಂದು ಸಂಜೆ ಹಾಡಿ ನೋಡಿ ತೀರ್ಮಾನಿಸು.

ಇನ್ನು ಶ್ರುತಿಯ ವಿಷಯ. ಆಲ್ಬಮ್ಮಿನಲ್ಲಿರುವ ಶ್ರುತಿ ಆಕೆಯ ಕಂಠಕ್ಕೆ ಹೊಂದಿಸಿದ್ದು. ಈ ಕಾಲದ ಅನೇಕ ಹಾಡುಗಳಲ್ಲಿ ಮೊದಲ ಚರಣ ಕೆಳಗಿನ ಸ್ಥಾಯಿಯಲ್ಲಿ ಗುನುಗುನಿಸುವಂತಿದ್ದು, ಪಲ್ಲವಿ ಬರುತ್ತಲೇ ಒಂದು ಸ್ಥಾಯಿ ಮೇಲಕ್ಕೆ ಹಾರುತ್ತದೆ. ಆಗ ಗಂಡಸರು ಅರ್ಧಕ್ಕೆ ಬಾಯಿ ಮುಚ್ಚುತ್ತಾರೆ, ವಯಸ್ಸಾದ ಹೆಂಗಸರು ಪುಸ್ತಕದೊಳಗೆ ಕಣ್ಣು ಹಾಕುತ್ತಾರೆ. ಹಾಡಿನ ಅತಿ ಎತ್ತರದ ಸ್ವರವನ್ನು ಮೊದಲು ಹುಡುಕಿ, ಅದು ಕೀಬೋರ್ಡಿನ ನಡು ಸಿ ಸ್ವರದ ಮುಂದಿನ ಸ್ಥಾಯಿಯ ಡಿ ಸ್ವರವನ್ನು ದಾಟದಂತೆ ಟ್ರಾನ್ಸ್‌ಪೋಸ್ ಮಾಡಿಕೋ, ಅಂದರೆ ಇಡೀ ಹಾಡಿನ ಶ್ರುತಿಯನ್ನು ಇಳಿಸಿಕೋ. ಎತ್ತರ ಕಡಿಮೆಯಾಯಿತೆಂದು ನಿನ್ನ ಗೆಳತಿಯರು ಮುಖ ಸಣ್ಣದು ಮಾಡಿದರೆ ಮಾಡಲಿ.

ಕನ್ನಡಕ್ಕೆ ತರುವ ಯೋಚನೆಯನ್ನೂ ಬರೆದಿದ್ದೀಯೆ. ಒಳ್ಳೆಯದೇ, ಆದರೆ ಸಭೆಗಾಗಿ ಹಾಡಿನ ಸಾಲುಗಳನ್ನು ಪ್ರತಿ ಮಾಡುವುದಕ್ಕೂ ಅನುವಾದವನ್ನು ಅಚ್ಚು ಹಾಕಿಸುವುದಕ್ಕೂ ಹಕ್ಕಿನ ನಿಯಮಗಳಿವೆ. ಪರವಾನಗಿ ಕೊಡುವ ಸಿಸಿಎಲ್‌ಐ ಎಂಬ ಸಂಸ್ಥೆಯ ಬಗ್ಗೆ ನಿಮ್ಮ ಅಯ್ಯನವರನ್ನು ಕೇಳು, ಕನ್ನಡದ ಸಾಲುಗಳನ್ನು ಹಂಚುವ ಮೊದಲು ಹಕ್ಕುದಾರರಿಗೆ ಒಂದು ಪತ್ರ ಬರೆ. ನಿನ್ನ ಅನುವಾದದ ಕರಡನ್ನು ನನಗೂ ಕಳಿಸು. ಪ್ರಾಸಕ್ಕಾಗಿ ಎಲ್ಲಿಯಾದರೂ ವೇದವಾಕ್ಯದ ಅರ್ಥ ಬದಲಾಗಿದ್ದರೆ ಅಂಥ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ ಹಿಂದಿರುಗಿಸುತ್ತೇನೆ.

ನಿನ್ನ ಹಿತೈಷಿ,
ದೊಡ್ಡಪ್ಪ