ಸೀಟ್ ಬೆಲ್ಟ್, ಏರ್‌ಬ್ಯಾಗ್ ವಿಷಯದಲ್ಲಿ ನಮ್ಮ ಗ್ಯಾರೇಜಿನ ಹೊಸ ನಿಯಮ: ವೋಲ್ವೊ ಕಾರಿನ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಈ ಸಲದ ವಿಜಯದಶಮಿ ಕಳೆದು ಗ್ಯಾರೇಜಿನ ಬಾಗಿಲು ತೆಗೆಯುವ ದಿನದಿಂದ ನಮ್ಮಲ್ಲಿ ಒಂದು ನಿಯಮ ಬದಲಾಗುತ್ತದೆ. ಸೀಟ್ ಬೆಲ್ಟ್, ಏರ್‌ಬ್ಯಾಗ್, ಮುಂದಿನ ಸೀಟಿನ ಚೌಕಟ್ಟು, ಬ್ರೇಕ್, ಸ್ಟೀರಿಂಗ್ ಇವುಗಳಿಗೆ ಗುಜರಿಯಿಂದ ಬಂದ ಹಳೆಯ ಪಾರ್ಟ್ಸ್ ಇನ್ನು ಹಾಕುವುದಿಲ್ಲ. ನೀವೇ ತಂದುಕೊಟ್ಟರೂ ಹಾಕುವುದಿಲ್ಲ. ಮೀಟರಿನಲ್ಲಿ ಏರ್‌ಬ್ಯಾಗ್ ಲೈಟ್ ಉರಿಯುತ್ತಿದ್ದರೆ ಕಾರಣ ಸರಿಮಾಡದೆ ಲೈಟ್ ಮಾತ್ರ ಆರಿಸಿ ಕೊಡುವುದಿಲ್ಲ. ವರ್ಷಕ್ಕೊಮ್ಮೆ, ನೀವು ಎಸಿ ಕೆಲಸಕ್ಕೇ ಬಂದಿರಲಿ ಆಯಿಲ್ ಬದಲಿಸಲೇ ಬಂದಿರಲಿ, ಮೊದಲು ಇವನ್ನೆಲ್ಲ ತೆರೆದು ನೋಡಿ ಆಮೇಲೆ ಆ ಕೆಲಸಕ್ಕೆ ಕೈ ಹಾಕುತ್ತೇವೆ. ಇದಕ್ಕೆ ಎರಡು ಗಂಟೆ ಬೇಕು, 2,500 ರೂಪಾಯಿ ಆಗುತ್ತದೆ.

ಈ ನಿರ್ಧಾರಕ್ಕೆ ಕಾರಣ ನಾವೇ ಮಾಡಿದ ಒಂದು ತಪ್ಪು. ಅದನ್ನು ಮುಚ್ಚಿಟ್ಟು ನಿಯಮ ಮಾತ್ರ ಹೇಳುವುದು ಸರಿಯಲ್ಲ ಅನಿಸಿದ್ದರಿಂದ ಇಷ್ಟು ಉದ್ದದ ಪತ್ರ.

ಕಳೆದ ವರ್ಷ ವೋಲ್ವೊ ಎಸ್60 ಕಾರು ಇಟ್ಟುಕೊಂಡಿರುವ ಗ್ರಾಹಕರೊಬ್ಬರ ಡ್ರೈವರ್ ಕಡೆಯ ಬೆಲ್ಟ್ ಅಂಚು ನೂಲು ಬಿಟ್ಟಿತ್ತು, ಎಳೆದರೆ ಹಿಂದಕ್ಕೆ ಸುತ್ತಿಕೊಳ್ಳುತ್ತಿರಲಿಲ್ಲ. ಹೊಸದು ತರಿಸಲು ವಾರಗಟ್ಟಲೆ ಕಾಯಬೇಕಿತ್ತು, ಬೆಲೆಯೂ ಕಡಿಮೆ ಇರಲಿಲ್ಲ. "ಗುಜರೀಲಿ ಒಂದು ನೋಡಿ ಸಾರ್, ಬೆಲ್ಟ್ ತಾನೆ" ಅಂದರು. ನಮಗೂ ಹಾಗೇ ಅನಿಸಿತು. ಬಿಚ್ಚಿಟ್ಟ ಕಾರೊಂದರ ಬೆಲ್ಟ್ ಸಿಕ್ಕಿತು, ತೊಳೆದು ಹಾಕಿದೆವು. ಟಕ್ಕಂತ ಲಾಕ್ ಆಯಿತು, ಸಲೀಸಾಗಿ ಸುತ್ತಿಕೊಂಡಿತು, ಲೈಟ್ ಇರಲಿಲ್ಲ. ಅವರೂ ಖುಷಿ, ನಾವೂ ಖುಷಿ.

ಹನ್ನೊಂದು ತಿಂಗಳ ಮೇಲೆ ಅದೇ ಕಾರು ಸಸ್ಪೆನ್ಷನ್ ಬುಷ್ ಬದಲಿಸಲು ಬಂತು. ಬೆಲ್ಟ್ ಯಾಕೋ ನಿಧಾನ ಅಂತ ನಮ್ಮ ಹುಡುಗ ಬಾಗಿಲ ಪಕ್ಕದ ಕಂಬದ, ಅಂದರೆ ಪಿಲ್ಲರಿನ, ಪ್ಲಾಸ್ಟಿಕ್ ಬಿಚ್ಚಿದ. ಒಳಗಿದ್ದ ಪ್ರಿಟೆನ್ಷನರ್, ಅಂದರೆ ಡಿಕ್ಕಿಯಾದಾಗ ಬೆಲ್ಟನ್ನು ಎಳೆದು ಬಿಗಿಯುವ ಭಾಗ, ಎಂದೋ ಸಿಡಿದು ಮುಗಿದಿತ್ತು. ಯಾರೋ ಅದನ್ನು ಬಿಚ್ಚಿ, ಬೆಲ್ಟ್ ಮತ್ತೆ ಓಡುವಂತೆ ಮಾಡಿ, ಕಾರಿನ ಕಂಪ್ಯೂಟರಿಗೆ ಗೊತ್ತಾಗದ ಹಾಗೆ ಪ್ಲಗ್ಗಿನಲ್ಲಿ ಒಂದು ಪುಟ್ಟ ರೆಸಿಸ್ಟರ್ ಸಿಕ್ಕಿಸಿದ್ದರು. ಬೆಲ್ಟ್ ಪಟ್ಟಿಯನ್ನು ಪೂರ್ತಿ ಎಳೆದು ಬೆಳಕಿಗೆ ಹಿಡಿದಾಗ ಮಧ್ಯದಲ್ಲಿ ಒಂದು ಗೇಣುದ್ದ ನುಣ್ಣಗೆ ಹೊಳೆಯುತ್ತಿತ್ತು. ಜೋರಾದ ಅಪಘಾತದಲ್ಲಿ ಮನುಷ್ಯನ ಭಾರ ಬಿದ್ದು, ಭುಜದ ಹತ್ತಿರ ಬೆಲ್ಟ್ ಹಾದುಹೋಗುವ ಬಳೆಗೆ ಉಜ್ಜಿ ಕರಗಿದ ಗುರುತು ಅದು. ಅಂದರೆ ಬೇರೆ ಯಾವುದೋ ಕಾರಿನಲ್ಲಿ, ಬೇರೆ ಯಾರನ್ನೋ ಹಿಡಿದು ನಿಲ್ಲಿಸಿ, ತನ್ನ ಕೆಲಸ ಮುಗಿಸಿದ್ದ ಬೆಲ್ಟನ್ನು ನಾವು ಇವರಿಗೆ ಕಟ್ಟಿ ಕಳಿಸಿದ್ದೆವು. ಅವರು ಅದನ್ನೇ ಹಾಕಿಕೊಂಡು ತಿಂಗಳಿಗೆ ಎರಡು ಸಲ ಹಾಸನಕ್ಕೆ ಹೋಗಿ ಬರುತ್ತಿದ್ದರು. ಫೋನ್ ಮಾಡಿ ಇದನ್ನು ಹೇಳುವಾಗ ನಮ್ಮ ಬಾಯಿ ಒಣಗಿತ್ತು.

ಸೀಟ್ ಬೆಲ್ಟ್ ಬರೀ ಪಟ್ಟಿ ಅಲ್ಲ. ಡಿಕ್ಕಿಯಾದ ತಕ್ಷಣ, ಕಣ್ಣು ಮಿಟುಕಿಸುವಷ್ಟರೊಳಗೆ, ಪ್ರಿಟೆನ್ಷನರಿನಲ್ಲಿರುವ ಚಿಟಿಕೆ ಮದ್ದು ಸಿಡಿದು ಸಡಿಲವಾಗಿದ್ದ ಬೆಲ್ಟನ್ನು ಎದೆಗೆ ಎಳೆದು ಬಿಗಿಯುತ್ತದೆ. ಮರುಕ್ಷಣ ಸುರುಳಿಯೊಳಗಿನ ಲೋಹದ ಕಂಬಿ ತಿರುಚಿಕೊಂಡು ಬೆಲ್ಟನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಹಾಗೆ ಬಿಡದಿದ್ದರೆ ಅದೇ ಬೆಲ್ಟ್ ಪಕ್ಕೆಲುಬು ಮುರಿಯಬಹುದು. ಎರಡೂ ಒಂದೇ ಸಲದ ಕೆಲಸ. ಹಚ್ಚಿದ ಪಟಾಕಿಯನ್ನು ಮತ್ತೆ ಹಚ್ಚಲು ಆಗುತ್ತದೆಯೇ? ಏರ್‌ಬ್ಯಾಗೂ ಹಾಗೆಯೇ. ಗುಜರಿಯಲ್ಲಿ ಸಿಗುವ ಬೆಲ್ಟಿನ ಹಿಂದಿನ ಕಥೆ ಅದನ್ನು ಮಾರುವವನಿಗೂ ಗೊತ್ತಿರುವುದಿಲ್ಲ.

ನಿಮ್ಮಲ್ಲಿ ಹೆಚ್ಚಿನವರು ಈ ಕಾರನ್ನು ಯಾಕೆ ಕೊಂಡಿರಿ ಅಂತ ನಮಗೆ ಗೊತ್ತು. ಅದೇ ದುಡ್ಡಿಗೆ ಹೊಚ್ಚಹೊಸ ಚಿಕ್ಕ ಕಾರು ಬರುತ್ತಿತ್ತು. "ಮಗು ಹುಟ್ಟಿತು ಸಾರ್, ಅದಕ್ಕೇ ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ ಅಂತ ಇದನ್ನು ತಗೊಂಡೆ" ಅಂತ ಎಷ್ಟು ಜನ ಹೇಳಿದ್ದೀರಿ. ಆ ಯೋಚನೆ ತಪ್ಪಲ್ಲ. ಮೂರು ಕಡೆ ಹಿಡಿಯುವ ಇವತ್ತಿನ ಸೀಟ್ ಬೆಲ್ಟನ್ನು ರೂಪಿಸಿದ್ದು ಸ್ವೀಡನ್ನಿನ ಇದೇ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್. ಅದಕ್ಕೂ ಮೊದಲು ಅವರು ಸಾಬ್ ಕಂಪನಿಯಲ್ಲಿ, ಪೈಲಟ್‌ಗಳನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸಿ ಉಳಿಸುವ ಸೀಟಿನ ಕೆಲಸದಲ್ಲಿದ್ದರು. 1959ರಲ್ಲಿ ಆ ಬೆಲ್ಟ್ ಇದ್ದ ಮೊದಲ ಕಾರು ರಸ್ತೆಗೆ ಬಂತು. ಪೇಟೆಂಟ್ ಕೈಯಲ್ಲಿದ್ದರೂ ಬೇರೆ ಕಂಪನಿಗಳು ಬಳಸಿಕೊಳ್ಳಲಿ ಅಂತ ವೋಲ್ವೊ ಅದನ್ನು ಬಿಟ್ಟುಕೊಟ್ಟಿತು. ಮೆಜೆಸ್ಟಿಕ್ಕಿಗೆ ಹೋಗಲು ಕರೆಸುವ ಕ್ಯಾಬಿನ ಮುಂದಿನ ಸೀಟಿನಲ್ಲಿ ನೀವು ಹಾಕಿಕೊಳ್ಳುವುದೂ ಅದೇ ಬೆಲ್ಟು. ನಮ್ಮ ಗ್ಯಾರೇಜಿನ ಹುಡುಗರಿಗೆ ಕೆಲಸ ಕಲಿಸುವಾಗ ಮೊದಲು ಹೇಳುವ ಕಥೆ ಇದೇ. ಇಂಥ ಕಾರಿಗೆ ಸತ್ತ ಬೆಲ್ಟ್ ಹಾಕಿದೆವಲ್ಲ ಅನ್ನುವುದೇ ನಮ್ಮನ್ನು ಹೆಚ್ಚು ಚುಚ್ಚಿದ್ದು.

ಬೆಲ್ಟಿಗಿಂತ ಹೆಚ್ಚಾಗಿ ಜನ ಮರೆಯುವುದು ಮುಂದಿನ ಸೀಟನ್ನು. ನಿಮ್ಮ ಕಾರಿನ ಮುಂದಿನ ಸೀಟುಗಳಲ್ಲಿ ವಿಪ್ಸ್ ಅನ್ನುವ ವ್ಯವಸ್ಥೆ ಇದೆ. 1998ರಿಂದ ವೋಲ್ವೊ ಇದನ್ನು ಕೊಡುತ್ತಿದೆ. ಹಿಂದಿನಿಂದ ಯಾರಾದರೂ ಗುದ್ದಿದಾಗ ಸೀಟಿನ ಬೆನ್ನು ನಿಮ್ಮ ಜೊತೆಗೇ ಹಿಂದಕ್ಕೆ ಸರಿದು, ಕುತ್ತಿಗೆಗೆ ಬೀಳುವ ಜರ್ಕನ್ನು ತಾನು ನುಂಗುತ್ತದೆ. ಹಾಗೆ ನುಂಗುವಾಗ ಅದರೊಳಗಿನ ಭಾಗ ಬಾಗಿ ಹೋಗುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಈಗ ನಮ್ಮ ಊರಿನ ಟ್ರಾಫಿಕ್ ನೆನೆಯಿರಿ. ಸಿಲ್ಕ್ ಬೋರ್ಡ್‌ನಲ್ಲೋ ಹೆಬ್ಬಾಳದ ಫ್ಲೈಓವರ್ ಇಳಿಯುವಲ್ಲೋ ಹಿಂದಿನಿಂದ ಗುದ್ದಿಸಿಕೊಳ್ಳದ ಕಾರು ಎಷ್ಟಿವೆ? ಬಂಪರ್ ಬದಲಿಸುತ್ತಾರೆ, ಡಿಕ್ಕಿಯ ಬಾಗಿಲಿಗೆ ಟಿಂಕರಿಂಗ್ ಪೇಂಟಿಂಗ್ ಮಾಡಿಸುತ್ತಾರೆ, ಇನ್ಶೂರೆನ್ಸ್ ಕ್ಲೈಮ್ ಮುಗಿಯುತ್ತದೆ. ಸೀಟನ್ನು ಯಾರೂ ನೋಡುವುದಿಲ್ಲ, ಯಾಕೆಂದರೆ ನೋಡಲು ಅದು ಚೆನ್ನಾಗಿಯೇ ಇರುತ್ತದೆ. ಹಿಂದಿನಿಂದ ಪೆಟ್ಟು ಬಿದ್ದರೆ, ಸೀಟಿಗೆ ಏನೂ ಆಗಿಲ್ಲ ಅನಿಸಿದರೂ ತೋರಿಸಿ ಅಂತ ಕಾರಿನ ಜೊತೆ ಬರುವ ಪುಸ್ತಕದಲ್ಲೇ ಬರೆದಿದೆ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಹಿಂದಿನ ಮಾಲೀಕರು ಎಷ್ಟು ಸಲ ಗುದ್ದಿಸಿಕೊಂಡಿದ್ದರೋ ನಿಮಗೆ ಗೊತ್ತಿರುವುದಿಲ್ಲ. ಆದ್ದರಿಂದ ನಮ್ಮ ಎರಡು ಗಂಟೆಯಲ್ಲಿ ಹೆಚ್ಚು ಹೊತ್ತು ಹೋಗುವುದು ಈ ಸೀಟುಗಳ ಮೇಲೆಯೇ.

ಇದರ ಜೊತೆಗೆ ಒಂದು ಕೋರಿಕೆ. ಜೆಸಿ ರೋಡಿನಲ್ಲಿ ಹೊಲಿಸಿ ಹಾಕಿಸಿದ ದಪ್ಪ ಸೀಟ್ ಕವರುಗಳನ್ನು ದಯವಿಟ್ಟು ತೆಗೆಸಿ. ಮುಂದಿನ ಸೀಟಿನ ಬೆನ್ನಿನ ಪಕ್ಕದಲ್ಲೇ ಏರ್‌ಬ್ಯಾಗ್ ಮಡಚಿಟ್ಟಿರುತ್ತದೆ. ಪಕ್ಕದಿಂದ ಡಿಕ್ಕಿಯಾದಾಗ ಅದು ಹೊಲಿಗೆ ಸೀಳಿಕೊಂಡು ಹೊರಬರಬೇಕು. ಮೇಲೆ ಇನ್ನೊಂದು ಗಟ್ಟಿ ಕವರ್ ಬಿಗಿದಿದ್ದರೆ ಅದು ಎಲ್ಲಿಗೆ ಬರಬೇಕು? ಲೆದರ್ ಹಾಳಾಗಬಾರದು ಅನ್ನುವ ಆಸೆ ಅರ್ಥವಾಗುತ್ತದೆ, ಆದರೂ ತೆಗೆಸಿ. ನಾವು ತೆಗೆದುಕೊಡುತ್ತೇವೆ, ಅದಕ್ಕೆ ದುಡ್ಡು ಬೇಡ.

ಏರ್‌ಬ್ಯಾಗ್ ಲೈಟಿನ ಬಗ್ಗೆ ಒಂದು ಸಮಾಧಾನದ ಮಾತೂ ಇದೆ. ಲೈಟ್ ಬಂತು ಅಂದರೆ ದೊಡ್ಡ ಖರ್ಚೇ ಅಂತ ಹೆದರಬೇಡಿ. ಎಷ್ಟೋ ಸಲ ಸೀಟಿನ ಅಡಿಯಲ್ಲಿರುವ ಹಳದಿ ಪ್ಲಗ್ ಸಡಿಲವಾಗಿರುತ್ತದೆ, ಸೀಟ್ ಹಿಂದೆ ಮುಂದೆ ಮಾಡುವಾಗ ವೈರ್ ಎಳೆದಿರುತ್ತದೆ. ಕೆಲವು ಕಾರುಗಳಲ್ಲಿ ಆ ಪ್ಲಗ್ಗಿನೊಳಗೆ ಹಸಿರು ತುಕ್ಕು ಕಂಡರೆ ನಾವು ಕಾರ್ಪೆಟ್ ಎತ್ತಿ ನೋಡುತ್ತೇವೆ. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಯಮಲೂರು ಕಡೆ ಎಷ್ಟೋ ಒಳ್ಳೊಳ್ಳೆ ಕಾರುಗಳು ನೀರಿನಲ್ಲಿ ನಿಂತಿದ್ದವು. ಅಂಥವು ಒಣಗಿ, ಪಾಲಿಶ್ ಆಗಿ, ಮಾರಾಟವಾಗಿ ಹೋದದ್ದು ಎಲ್ಲಿಗೆ? ಹಾಗೆಯೇ ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್ ಕಾರುಗಳ ಮೇಲಿನ ನಿರ್ಬಂಧದಿಂದ ಅಗ್ಗಕ್ಕೆ ಸಿಕ್ಕಿ ಇಲ್ಲಿಗೆ ಬಂದ ಕಾರುಗಳೂ ಇವೆ. ಬಂದ ಜಾಗ ನೋಡಿ ಕಾರನ್ನು ಕೆಟ್ಟದ್ದು ಅನ್ನಲಾಗದು, ಆದರೆ ಪ್ಲಾಸ್ಟಿಕ್ಕಿನ ಹಿಂದೆ ಏನಿದೆ ಅಂತ ಒಮ್ಮೆಯಾದರೂ ನೋಡಲೇಬೇಕು. ಇನ್ನು ಕೊಳ್ಳುವ ಯೋಚನೆಯಲ್ಲಿರುವ ನಿಮ್ಮ ಸ್ನೇಹಿತರಿಗೆ ಹೇಳಿ: ಅಡ್ವಾನ್ಸ್ ಕೊಡುವ ಮೊದಲು ಮುಂದಿನ ಎರಡೂ ಬೆಲ್ಟನ್ನು ಕೊನೆಯವರೆಗೆ ಎಳೆದು ಬೆಳಕಿನಲ್ಲಿ ನೋಡಲಿ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಒಮ್ಮೆ ಹತ್ತಿ ಆಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಅದನ್ನು ಯಾರೋ ಕಿತ್ತಿದ್ದಾರೆ ಅಂತಲೇ ಅನುಮಾನಪಡಬೇಕು.

ಡೀಸೆಲ್ ಗಾಡಿಯವರಿಗೆ, ಅದರಲ್ಲೂ ಹಳೆಯ ಐದು ಸಿಲಿಂಡರಿನ ಡಿ5 ಎಂಜಿನ್ ಇರುವವರಿಗೆ, ಸೀಟ್ ಬೆಲ್ಟಲ್ಲ, ಎಂಜಿನ್ನಿನ ಬೆಲ್ಟುಗಳ ಬಗ್ಗೆ ಇನ್ನೊಂದು ಮಾತು. ವಾಲ್ವ್‌ಗಳನ್ನು ಪಿಸ್ಟನ್ನಿನ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟ್ ಬದಲಿಸಿ ಅಂದರೆ ಒಪ್ಪುತ್ತೀರಿ, ಆಲ್ಟರ್ನೇಟರ್ ಮುಂತಾದವನ್ನು ತಿರುಗಿಸುವ ಹೊರಗಿನ ಆಕ್ಸಿಲರಿ ಬೆಲ್ಟ್ ಅಂದರೆ "ಮುಂದಿನ ಸರ್ವೀಸಿಗೆ ನೋಡೋಣ" ಅನ್ನುತ್ತೀರಿ. ಈ ಎಂಜಿನ್ನಿನಲ್ಲಿ ಆ ಹೊರಗಿನ ಬೆಲ್ಟ್ ಹರಿದರೆ ಅದರ ಚೂರು ಟೈಮಿಂಗ್ ಕವರಿನೊಳಗೆ ನುಗ್ಗಿ ಒಳಗಿನ ಬೆಲ್ಟನ್ನೂ ತಪ್ಪಿಸುವುದುಂಟು. ಆಮೇಲೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುತ್ತವೆ, ಎಂಜಿನ್ ಮುಗಿಯಿತು. ಅದು ಮೈಸೂರು ಎಕ್ಸ್‌ಪ್ರೆಸ್‌ವೇಯ ಬಲಗಡೆ ಲೇನಿನಲ್ಲಿ ಆದರೆ ಸ್ಟೀರಿಂಗ್ ಕಲ್ಲಿನಂತಾಗುತ್ತದೆ, ಬ್ರೇಕ್ ಎರಡು ಮೂರು ತುಳಿತಕ್ಕೆ ಗಟ್ಟಿಯಾಗುತ್ತದೆ. ಆದ್ದರಿಂದ ಈ ಬೆಲ್ಟು ಮತ್ತು ಅದರ ಟೆನ್ಷನರನ್ನೂ ಇನ್ನು ಸುರಕ್ಷತೆಯ ಪಟ್ಟಿಗೇ ಸೇರಿಸಿದ್ದೇವೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಅದು ಗಾಳಿಯ ತೇವ ಹೀರುತ್ತದೆ, ಶಿರಾಡಿಯೋ ಚಾರ್ಮಾಡಿಯೋ ಇಳಿಯುವಾಗ ಕಾದು ಆವಿಯಾದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ.

ಖರ್ಚು ಹೆಚ್ಚುತ್ತದೆ ಅನ್ನುವುದು ನಿಜ. ಬೆಂಗಳೂರಿನಲ್ಲಿ ವೋಲ್ವೊ ಪಾರ್ಟ್ ಬೇಕು ಅಂತ ಅಂಗಡಿಗೆ ಫೋನ್ ಮಾಡಿದರೆ ಇವತ್ತಿಗೂ "ಬಸ್ಸಿಂದಾ ಕಾರಿಂದಾ?" ಅಂತಲೇ ಕೇಳುತ್ತಾರೆ. ಕಾರಿನ ಕಂಪನಿ 1999ರಲ್ಲೇ ಬಸ್ಸು ಲಾರಿಯ ಕಂಪನಿಯಿಂದ ಬೇರೆಯಾಯಿತು, ಅದರದ್ದು ಇದಕ್ಕೆ ಆಗುವುದಿಲ್ಲ. ಹೊಸಕೋಟೆಯಲ್ಲಿ ಕಾರು ಜೋಡಿಸಲು ಶುರುವಾದದ್ದು 2017ರಲ್ಲಿ. ಅದಕ್ಕೂ ಹಿಂದಿನ ಕಾರುಗಳೆಲ್ಲ ಹೊರಗಿನಿಂದ ಪೂರ್ತಿ ತಯಾರಾಗಿ ಬಂದವು. ಹಾಗಾಗಿ ಹೊಸ ಬೆಲ್ಟ್ ಬೇಕಾದರೆ ಕಾಯಬೇಕಾಗುತ್ತದೆ. ಕಾಯುವಷ್ಟು ದಿನ ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ, ಡ್ರೈವರ್ ಸೀಟಿನದ್ದೇ ಆದರೆ ಕಾರು ನಮ್ಮಲ್ಲೇ ಇರಲಿ. ನಿಲ್ಲಿಸಿದ್ದಕ್ಕೆ ಬಾಡಿಗೆ ತಗೊಳ್ಳುವುದಿಲ್ಲ. ಒಂದೇ ಸಲ ಕೊಡುವುದು ಕಷ್ಟವಾದರೆ ಮೂರು ಕಂತಿನಲ್ಲಿ ಕೊಡಿ. ಇದನ್ನು ನಿಯಮದಲ್ಲೇ ಸೇರಿಸಿದ್ದೇವೆ, ಕೇಳಲು ಸಂಕೋಚ ಬೇಡ.

ಗುಜರಿಯನ್ನು ನಾವು ಬಿಟ್ಟಿಲ್ಲ. ಶಿವಾಜಿನಗರದ ಓಣಿಗಳು ಇಲ್ಲದಿದ್ದರೆ ಹಳೆಯ ವೋಲ್ವೊ ಈ ಊರಿನಲ್ಲಿ ಓಡುತ್ತಿರಲಿಲ್ಲ ಅಂದರೂ ತಪ್ಪಿಲ್ಲ. ಕಿಟಕಿಯ ಮೋಟರ್, ಕನ್ನಡಿ, ಬಾಗಿಲ ಹಿಡಿ, ಆಲ್ಟರ್ನೇಟರ್, ಒಳಗಿನ ಪ್ಲಾಸ್ಟಿಕ್ ಇವನ್ನೆಲ್ಲ ಮೊದಲಿನಂತೆಯೇ ಹುಡುಕಿ, ಪರೀಕ್ಷಿಸಿ, ಹಾಕಿಕೊಡುತ್ತೇವೆ. ಅವು ಕೈಕೊಟ್ಟರೆ ನಿಮಗೆ ತೊಂದರೆಯಾಗುತ್ತದೆ, ಗಾಯವಾಗುವುದಿಲ್ಲ.

ನಮ್ಮ ನಿಯಮ ಒಪ್ಪಿಗೆಯಾಗದಿದ್ದರೆ ಬೇಸರವಿಲ್ಲ. ಕಾರಿನಲ್ಲಿ ಏನು ಕಂಡೆವು ಅಂತ ಕನ್ನಡದಲ್ಲಿ ಬರೆದು, ಫೋಟೊ ಸಹಿತ ಕೊಟ್ಟು ಕಳಿಸುತ್ತೇವೆ. ಕಾರು ನಿಮ್ಮದು, ನಿರ್ಧಾರ ನಿಮ್ಮದು ಅಂತ ಇಷ್ಟು ವರ್ಷ ನಾವೂ ಹೇಳುತ್ತಿದ್ದೆವು. ಆದರೆ ಆ ಕಾರಿನಲ್ಲಿ ನಿಮ್ಮ ಅಮ್ಮ ಕೂರುತ್ತಾರೆ, ಶಾಲೆಯಿಂದ ಬರುವಾಗ ಪಕ್ಕದ ಮನೆಯ ಮಗುವೂ ಕೂರುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಕೊನೆಯದಾಗಿ, ಈ ಪತ್ರದ ಮುಖ್ಯ ಕೆಲಸ. ಆ ಎಸ್60ಗೆ ಹೊಸ ಬೆಲ್ಟ್ ನಮ್ಮ ಖರ್ಚಿನಲ್ಲೇ ಹಾಕಿ ಕೊಟ್ಟೆವು. ಆಮೇಲೆ ರಿಜಿಸ್ಟರ್ ಹಿಂದಕ್ಕೆ ತಿರುಗಿಸಿ ನೋಡಿದಾಗ ಇನ್ನೂ ಹನ್ನೊಂದು ಕಾರುಗಳಿಗೆ ನಾವು ಹಳೆಯ ಬೆಲ್ಟನ್ನೋ ಏರ್‌ಬ್ಯಾಗನ್ನೋ ಹಾಕಿರುವುದು ಸಿಕ್ಕಿತು. ಅವೆಲ್ಲ ಕೆಟ್ಟಿವೆ ಅಂತಲ್ಲ, ಚೆನ್ನಾಗಿವೆ ಅಂತ ಹೇಳುವ ಧೈರ್ಯ ನಮಗಿಲ್ಲ. ಬಿಚ್ಚಿ ನೋಡುವುದು, ಬದಲಿಸಬೇಕಾಗಿ ಬಂದರೆ ಆ ಪಾರ್ಟಿನ ಬೆಲೆ, ಕೂಲಿ ಎಲ್ಲವೂ ನಮ್ಮದು. ಏಳು ಜನಕ್ಕೆ ಫೋನ್ ಮಾಡಿ ದಿನ ಗೊತ್ತುಮಾಡಿದ್ದೇವೆ. ಉಳಿದ ನಾಲ್ಕು ನಂಬರ್ ಹೋಗುತ್ತಿಲ್ಲ. ಮೂರು ಎಕ್ಸ್‌ಸಿ60, ಒಂದು ವಿ40. ನಮ್ಮಲ್ಲಿ ಬೆಲ್ಟ್ ಅಥವಾ ಏರ್‌ಬ್ಯಾಗ್ ಕೆಲಸ ಮಾಡಿಸಿದ ನೆನಪು ನಿಮಗಿದ್ದರೆ, ಆಮೇಲೆ ಆ ಕಾರನ್ನು ಮಾರಿದ್ದರೆ, ಕೊಂಡವರ ನಂಬರನ್ನು ದಯವಿಟ್ಟು ನಮಗೆ ತಿಳಿಸಿ. ಭಾನುವಾರವೂ ಫೋನ್ ಎತ್ತುತ್ತೇವೆ.

ಇಂತಿ,
ನಿಮ್ಮ ಗ್ಯಾರೇಜಿನವರು
ವಿಲ್ಸನ್ ಗಾರ್ಡನ್, ಬೆಂಗಳೂರು